50 ಗಂಟೆಯ ಲೆಕ್ಕದಲ್ಲಿ ಶಿಕ್ಷಕರ ಮಾತುಕತೆಗೂ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೆ,

ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ವೃತ್ತಿಪರ ಬೆಳವಣಿಗೆಗೆ ಮೀಸಲಿಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆ 50 ಗಂಟೆಗಳನ್ನು ತುಂಬುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಕಡೆ ಸಿಕ್ಕಿರುವ ಅತಿ ಸುಲಭದ ಉತ್ತರವೆಂದರೆ ಆನ್‌ಲೈನ್ ಕೋರ್ಸ್. ಲಿಂಕ್ ಬರುತ್ತದೆ, ಕೊನೆಯ ದಿನಾಂಕ ಬರುತ್ತದೆ, ವಿಡಿಯೊ ಪೂರ್ತಿ ಓಡಬೇಕು, ಕೊನೆಯಲ್ಲಿ ಕ್ವಿಜ್ ಮುಗಿಸಬೇಕು, ಪ್ರಮಾಣಪತ್ರ ಇಳಿಸಿಕೊಂಡು ಅದರ ಪ್ರತಿಯನ್ನು ಮೇಲಕ್ಕೆ ಕಳುಹಿಸಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿ ತಾಲ್ಲೂಕಾದ ಬಾಗೇಪಲ್ಲಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿ ಕೆಲಸ ಮಾಡುತ್ತಿರುವ ನಾನು ಈ ಕೋರ್ಸುಗಳನ್ನು ಬೇಡವೆನ್ನಲು ಈ ಪತ್ರ ಬರೆಯುತ್ತಿಲ್ಲ. ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವ ಸಮಯವನ್ನೂ ಆ 50 ಗಂಟೆಗಳ ಲೆಕ್ಕಕ್ಕೆ ಸೇರಿಸಬೇಕು, ಮೊಬೈಲು ಮತ್ತು ಇಂಟರ್‌ನೆಟ್ಟುಗಳು ಆ ಕಲಿಕೆಗೆ ಒದಗಿ ಬರುವಂತೆ ನಮ್ಮ ಜಿಲ್ಲೆಯಲ್ಲಿ ವ್ಯವಸ್ಥೆಯಾಗಬೇಕು ಎಂಬುದು ನನ್ನ ಕೋರಿಕೆ.

ಇದಕ್ಕೆ ನೀತಿಯನ್ನು ತಿದ್ದಬೇಕಾದ ಅಗತ್ಯವೂ ಇಲ್ಲ. 50 ಗಂಟೆಗಳ ಮಾತು ಬರುವ ಭಾಗದಲ್ಲೇ, ಈ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯಿಂದ ನಡೆಯಬೇಕು, ಸ್ಥಳೀಯ ಕಾರ್ಯಾಗಾರಗಳೂ ಆನ್‌ಲೈನ್ ಪಾಠಗಳೂ ಎರಡೂ ಇರಬೇಕು, ಶಿಕ್ಷಕರು ತಮ್ಮ ಆಲೋಚನೆಗಳನ್ನೂ ಒಳ್ಳೆಯ ಪದ್ಧತಿಗಳನ್ನೂ ಪರಸ್ಪರ ಹಂಚಿಕೊಳ್ಳುವ ವೇದಿಕೆಗಳು ಬೆಳೆಯಬೇಕು ಎಂದು ಬರೆಯಲಾಗಿದೆ. ಇಷ್ಟೆಲ್ಲ ಹೇಳಿರುವ ಭಾಗದಿಂದ ನಾವು ಕೆಳಗಿನ ಹಂತದಲ್ಲಿ ಆರಿಸಿಕೊಂಡದ್ದು ಎಣಿಸಲು ಸುಲಭವಾದದ್ದನ್ನು ಮಾತ್ರ.

ಆನ್‌ಲೈನ್ ತರಬೇತಿಯಿಂದ ಆದ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಹಿಂದಿನ ತರಬೇತಿಗಳಲ್ಲಿ ರಾಜ್ಯ ಮಟ್ಟದಲ್ಲಿ ಕೆಲವರು ಕಲಿತು, ಅವರು ಜಿಲ್ಲೆಯವರಿಗೆ ಹೇಳಿ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳಿ, ಕೊನೆಗೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಭಾಂಗಣದಲ್ಲಿ ಕುಳಿತ ನಮ್ಮನ್ನು ತಲುಪುವ ಹೊತ್ತಿಗೆ ವಿಷಯದ ಸಾರ ಬಹಳ ಮಟ್ಟಿಗೆ ಸೋರಿಹೋಗಿರುತ್ತಿತ್ತು. 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಎಲ್ಲರಿಗೂ ಮೂಲ ಪಾಠವೇ ಸಿಗುತ್ತದೆ. 2019ರ ಆಗಸ್ಟ್‌ನಲ್ಲಿ ಮುಖಾಮುಖಿಯಾಗಿ ಶುರುವಾಗಿದ್ದ ನಿಷ್ಠಾ ಎಂಬ ರಾಷ್ಟ್ರಮಟ್ಟದ ಶಿಕ್ಷಕ ತರಬೇತಿ, ಕೋವಿಡ್ ಬಂದು ಶಾಲೆಗಳು ಮುಚ್ಚಿದ ಮೇಲೆ 2020ರ ಅಕ್ಟೋಬರ್‌ನಲ್ಲಿ ಪ್ರಾಥಮಿಕ ಹಂತದ ಶಿಕ್ಷಕರಿಗಾಗಿ 18 ಕೋರ್ಸುಗಳ ರೂಪದಲ್ಲಿ ಅದೇ ವೇದಿಕೆಗೆ ಬಂತು. ಪಾತಪಾಳ್ಯ, ಚೇಳೂರು ಕಡೆಯ ಶಿಕ್ಷಕಿಯೊಬ್ಬರು ಎಳೆ ಮಗುವನ್ನು ಮನೆಯಲ್ಲಿ ಬಿಟ್ಟು, ಬೆಳಗಿನ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿ, ಕತ್ತಲಾದ ಮೇಲೆ ಊರು ಸೇರುವ ಕಷ್ಟ ಇದರಿಂದ ತಪ್ಪಿತು. ಅರ್ಥವಾಗದ ಭಾಗವನ್ನು ಮತ್ತೆ ನೋಡಬಹುದು, ತಿಂಗಳುಗಳ ನಂತರವೂ ತೆಗೆದು ನೋಡಬಹುದು. ಪಠ್ಯಪುಸ್ತಕದ ಕ್ಯುಆರ್ ಕೋಡ್‌ಗೆ ಮೊಬೈಲು ಹಿಡಿದು ಮಕ್ಕಳಿಗೆ ವಿಡಿಯೊ ತೋರಿಸುವುದು ಈಗ ಹಳ್ಳಿಯ ಶಾಲೆಗಳಲ್ಲೂ ಸಾಮಾನ್ಯವಾಗಿದೆ. ಇವೆಲ್ಲ ದೊಡ್ಡ ಲಾಭಗಳೇ.

ಆದರೆ ಇದೇ ವರ್ಷಗಳಲ್ಲಿ, ಯಾರೂ ಬೇಕೆಂದು ತೆಗೆಯದೆಯೇ, ಇನ್ನೊಂದು ವ್ಯವಸ್ಥೆ ಸೊರಗಿಹೋಗಿದೆ. ಅಕ್ಕಪಕ್ಕದ ಶಾಲೆಗಳು ಒಂದು ಗುಂಪಾಗಿ, ಆ ಶಾಲೆಗಳ ಶಿಕ್ಷಕರು ಕೂಡಿ ಕಲಿಯಬೇಕೆಂಬ ವಿಚಾರ 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗದಷ್ಟು ಹಳೆಯದು. ಪ್ರತಿ ಐದು ವರ್ಷದ ಸೇವೆಯಲ್ಲಿ ಎರಡು ಮೂರು ತಿಂಗಳಷ್ಟು ಸೇವಾನಿರತ ಶಿಕ್ಷಣ ಸಿಗಬೇಕೆಂದೂ ಆ ಆಯೋಗ ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಡಯಟ್‌ಗಳು, ಎಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಬಂದವು. ಮುಂದೆ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಇಂಥ ಶಾಲಾ ಗುಂಪುಗಳಿಗಾಗಿ ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ನೆಲೆಯೂರಿದವು, ವರ್ಷಕ್ಕೆ 20 ದಿನಗಳ ಸೇವಾನಿರತ ತರಬೇತಿಗೆ ಅವಕಾಶವಿತ್ತು, ಮತ್ತು ಕ್ಲಸ್ಟರ್ ಹಂತದಲ್ಲಿ ಶಿಕ್ಷಕರ ಸಮಾಲೋಚನಾ ಸಭೆಗಳು ನಡೆಯುತ್ತಿದ್ದವು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಒಂದು ವಿಷಯ ಆರಿಸುತ್ತಿದ್ದರು, ಒಬ್ಬ ಶಿಕ್ಷಕರು ಆತಿಥೇಯ ಶಾಲೆಯ ಮಕ್ಕಳಿಗೇ ಒಂದು ಪಾಠ ಮಾಡಿ ತೋರಿಸುತ್ತಿದ್ದರು, ಉಳಿದವರು ಹಿಂದೆ ಕುಳಿತು ನೋಡಿ ಆಮೇಲೆ ಮಾತನಾಡುತ್ತಿದ್ದರು. ಎಲ್ಲ ಸಭೆಗಳೂ ಚೆನ್ನಾಗಿದ್ದವು ಎಂದು ನಾನು ಹೇಳಲಾರೆ, ಕೆಲವು ಸಭೆಗಳು ಹಾಜರಾತಿ ಹಾಕಿ ಟೀ ಕುಡಿಯುವುದರಲ್ಲೇ ಮುಗಿದದ್ದುಂಟು. ಆದರೂ ಬೇರೆ ಶಿಕ್ಷಕರು ಪಾಠ ಮಾಡುವುದನ್ನು ನೇರವಾಗಿ ನೋಡಲು ಸಿಗುತ್ತಿದ್ದ ಏಕೈಕ ಅವಕಾಶ ಅದಾಗಿತ್ತು. ಈಗ ಆ ಸಭೆ ಅನೇಕ ಕಡೆ ಮಾಹಿತಿ ಸಂಗ್ರಹದ ಸಭೆಯಾಗಿದೆ, ಇನ್ನು ಕೆಲವು ಕಡೆ ಅದೂ ಇಲ್ಲದೆ ವಾಟ್ಸ್‌ಆ್ಯಪ್ ಸಂದೇಶವಾಗಿ ಮುಗಿಯುತ್ತಿದೆ. ನಮ್ಮ ಭಾಗದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರು ಅಥವಾ ಇಬ್ಬರೇ ಶಿಕ್ಷಕರಿರುವುದು ಸಾಮಾನ್ಯ. ಅಂಥ ಶಾಲೆಗೆ ಹೊಸದಾಗಿ ನೇಮಕವಾಗಿ ಬಂದ ಶಿಕ್ಷಕಿ ವರ್ಷಗಟ್ಟಲೆ ಇನ್ನೊಬ್ಬರ ಪಾಠವನ್ನು ಒಮ್ಮೆಯೂ ನೋಡದೆ, ತನ್ನ ಪಾಠವನ್ನು ಒಬ್ಬ ಸಹೋದ್ಯೋಗಿಗೂ ತೋರಿಸದೆ ಸೇವೆ ಮಾಡಬಹುದು. ಬೋಧನೆಯನ್ನು ಈ ಬಗೆಯ ಒಂಟಿತನದಲ್ಲಿ ಕಲಿಯಲು ಸಾಧ್ಯವೆಂದು ನನಗನ್ನಿಸುವುದಿಲ್ಲ.

ಶಿಕ್ಷಕರು ಪರಸ್ಪರ ಕಲಿಯುವುದೆಂದರೆ ನಿಜವಾಗಿ ಏನು ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಸರಿಯೆನಿಸುತ್ತದೆ. ನಮ್ಮ ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರು ನಾವಾಗಿಯೇ ಮಾಡಿಕೊಂಡಿರುವ ಒಂದು ಸಣ್ಣ ವಾಟ್ಸ್‌ಆ್ಯಪ್ ಗುಂಪಿದೆ. ತರಗತಿಯಲ್ಲಿ ಎದುರಾದ ತೊಡಕನ್ನು ಬಿಟ್ಟು ಬೇರೇನನ್ನೂ ಅದರಲ್ಲಿ ಹಾಕುವುದಿಲ್ಲವೆಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಒಂದು ಸಂಜೆ ಶಿಕ್ಷಕಿಯೊಬ್ಬರು ಮೂರನೇ ತರಗತಿಯ ಮಗುವಿನ ನೋಟ್‌ಬುಕ್ಕಿನ ಫೋಟೊ ಹಾಕಿದರು, ಹೆಸರು ಕಾಣದಂತೆ. 86ರಲ್ಲಿ 24 ಕಳೆದರೆ 62 ಎಂದು ಸರಿಯಾಗಿ ಬರೆದಿದ್ದ ಮಗು, 52ರಲ್ಲಿ 38 ಕಳೆದರೆ 26 ಎಂದೂ, 71ರಲ್ಲಿ 46 ಕಳೆದರೆ 35 ಎಂದೂ, 40ರಲ್ಲಿ 17 ಕಳೆದರೆ 37 ಎಂದೂ ಬರೆದಿತ್ತು. ದಶಕ ತೆಗೆದುಕೊಳ್ಳುವುದನ್ನು ಎಷ್ಟು ಸಲ ಹೇಳಿಕೊಟ್ಟರೂ ಮರೆಯುತ್ತದೆ, ಏನು ಮಾಡಲಿ ಎಂಬುದು ಆ ಶಿಕ್ಷಕಿಯ ಪ್ರಶ್ನೆ. ಒಬ್ಬರು ಇನ್ನೊಮ್ಮೆ ಹೇಳಿಕೊಡಿ ಎಂದರು, ಇನ್ನೊಬ್ಬರು ಒಂದು ವಿಡಿಯೊದ ಲಿಂಕ್ ಕಳುಹಿಸಿದರು. ಆಮೇಲೆ ಸೇವೆಯಲ್ಲಿ ಹಿರಿಯರಾದ ಒಬ್ಬ ಮೇಷ್ಟ್ರು ಒಂದೇ ಸಾಲು ಬರೆದರು: "ಹೇಗೆ ಮಾಡಿದೆ ಅಂತ ಮಗುವನ್ನೇ ಕೇಳಿದ್ರಾ ಮೇಡಂ?"

ಮಾರನೆಯ ದಿನ ಕೇಳಿದಾಗ ಮಗು ತನ್ನ ಮನೆಮಾತಾದ ತೆಲುಗಿನಲ್ಲಿ ಹೇಳಿತಂತೆ: "ರೆಂಡುಲೋ ಎನಿಮಿದಿ ಪೋದು ಮಿಸ್, ಎನಿಮಿದಿಲೋ ರೆಂಡು ಪೋತುಂದಿ." ಎರಡರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಎಂಟರಲ್ಲಿ ಎರಡನ್ನು ತೆಗೆದಿದ್ದೇನೆ ಎಂಬುದು ಮಗುವಿನ ವಿವರಣೆ. ಎಂದರೆ ಮಗು ಮರೆತಿರಲಿಲ್ಲ. ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಎಂದು ಮೊದಲು ಕಲಿತ ಮಾತನ್ನು ಅದು ಶ್ರದ್ಧೆಯಿಂದ ಪಾಲಿಸುತ್ತಿತ್ತು. ಶಿಕ್ಷಕಿ ಇದನ್ನು ಧ್ವನಿ ಸಂದೇಶದಲ್ಲಿ ಹೇಳಿದ ಮೇಲೆ ಗುಂಪಿನ ಮಾತಿನ ದಿಕ್ಕೇ ಬದಲಾಯಿತು. ಬರೆಯುವುದನ್ನು ಒಂದೆರಡು ದಿನ ಪೂರ್ತಿ ನಿಲ್ಲಿಸಿ, ಪೊರಕೆ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ, ಮೂರು ಕಟ್ಟುಗಳನ್ನು ಮಾತ್ರ ಮಗುವಿನ ಕೈಗೆ ಕೊಟ್ಟು ಅದರಲ್ಲಿ ಎಂಟು ಕಡ್ಡಿ ಕೊಡು ಎಂದು ಕೇಳುವಂತೆ ಮೇಷ್ಟ್ರು ಸೂಚಿಸಿದರು. ಬಿಡಿ ಕಡ್ಡಿ ಒಂದೂ ಇಲ್ಲದಿದ್ದಾಗ ಕಟ್ಟನ್ನು ಬಿಚ್ಚಲೇಬೇಕು, ಬಿಚ್ಚು ಎಂದು ನಾವು ಹೇಳಬೇಕಾಗಿಲ್ಲ. ಬೇರೆ ಎರಡು ಶಾಲೆಗಳಲ್ಲಿ ಇದೇ ತಪ್ಪು ಮಾಡುವ ಮಕ್ಕಳು ಸಿಕ್ಕರು. ಅವರೊಂದಿಗೂ ಇದನ್ನು ಮಾಡಿ ನೋಡಿದಾಗ, ಕಡ್ಡಿಯಲ್ಲಿ ಸರಿಯಾಗಿ ಮಾಡುವ ಮಗು ಪುಸ್ತಕಕ್ಕೆ ಮರಳಿದ ಕೂಡಲೇ ಹಳೆಯ ದಾರಿ ಹಿಡಿಯುತ್ತದೆ ಎಂಬುದು ತಿಳಿಯಿತು. ಆಗ ಇನ್ನೊಬ್ಬ ಶಿಕ್ಷಕಿ, ಕೆಲವು ದಿನ ಅಂಕಿಯ ಪಕ್ಕದಲ್ಲೇ ಕಟ್ಟು ಮತ್ತು ಬಿಡಿ ಕಡ್ಡಿಗಳ ಚಿತ್ರ ಬರೆಸಿ, ಬಿಚ್ಚಿದ ಕಟ್ಟಿಗೆ ಗೆರೆ ಎಳೆಸಿ ಎಂದರು. ಅದು ಹೆಚ್ಚಿನ ಮಕ್ಕಳಿಗೆ ನೆರವಾಯಿತು.

ಸ್ಥಾನಬೆಲೆಯನ್ನು ಕುರಿತ ಆನ್‌ಲೈನ್ ಕೋರ್ಸುಗಳನ್ನೂ ನಾವೆಲ್ಲ ಮಾಡಿದ್ದೇವೆ. ಅವುಗಳಲ್ಲಿ ಹೇಳಿದ್ದೆಲ್ಲ ಸರಿಯಾಗಿಯೇ ಇದೆ, ಹಿರಿಯ ಮೇಷ್ಟ್ರು ಹೇಳಿದ ಕಡ್ಡಿ ಕಟ್ಟಿನ ಪ್ರಯೋಗವೂ ಅವುಗಳಲ್ಲಿ ಇರಬಹುದಾದದ್ದೇ. ಆದರೆ ನಮ್ಮೆದುರಿನ ಮಗು ಯಾವ ಹಂತದಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳುವ ಬಾಯಿ ಕೋರ್ಸಿಗೆ ಇಲ್ಲ. ಪ್ರಯೋಗ ಅರ್ಧ ಮಾತ್ರ ಫಲಿಸಿದಾಗ ಮುಂದೇನು ಎಂದು ಅದರೊಂದಿಗೆ ಚರ್ಚಿಸಲೂ ಆಗುವುದಿಲ್ಲ. ಒಂದು ವಾರ ಹೀಗೆ ನಡೆದ ಮಾತುಕತೆಯಲ್ಲಿ ಭಾಗವಹಿಸಿದ ಅಷ್ಟೂ ಶಿಕ್ಷಕರಿಗೆ ವ್ಯವಕಲನವನ್ನು ನೋಡುವ ಕಣ್ಣು ಬದಲಾಯಿತು. 50 ಗಂಟೆಗಳ ಲೆಕ್ಕದಲ್ಲಿ ಅದಕ್ಕೆ ಒಂದು ನಿಮಿಷವೂ ಸೇರಲಿಲ್ಲ.

ಇದನ್ನು ಕೇವಲ ನಮ್ಮ ಗುಂಪಿನ ಅನುಭವವೆಂದು ಬದಿಗಿಡಬೇಕಾಗಿಲ್ಲ. ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಅಂಗಡಿಗಳಲ್ಲಿ ಹುಡುಗರು ಕಸುಬು ಕಲಿಯುವ ಬಗೆಯನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಅಲ್ಲಿ ಪಾಠವೆಂಬುದು ಪ್ರತ್ಯೇಕವಾಗಿ ಇರಲಿಲ್ಲ. ಹುಡುಗರು ಗುಂಡಿ ಹಾಕುವುದು, ಅಂಚು ಹೊಲಿಯುವುದು ಮುಂತಾದ ಕೊನೆಯ ಕೆಲಸಗಳಿಂದ ಶುರುಮಾಡಿ, ನುರಿತವರ ನಡುವೆಯೇ ಕುಳಿತು, ಹೊಲಿಗೆಗೆ, ಆಮೇಲೆ ಬಟ್ಟೆ ಕತ್ತರಿಸುವ ಕೆಲಸಕ್ಕೆ ಬರುತ್ತಿದ್ದರು. ಆ ಅಧ್ಯಯನದ ಬೆಳಕಿನಲ್ಲಿ ಅವರೂ ಎಟಿಯೆನ್ ವೆಂಗರ್ ಅವರೂ 1991ರಲ್ಲಿ ಮಂಡಿಸಿದ ವಿಚಾರವೇ ಇಂದು ವೃತ್ತಿ ಸಮುದಾಯಗಳ ಮೂಲಕ ಕಲಿಯುವ ಬಗ್ಗೆ ನಡೆಯುವ ಚರ್ಚೆಗೆಲ್ಲ ಬುನಾದಿ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದ ನೇರವಾಗಿ ಶಿಕ್ಷಕರ ತರಬೇತಿಯನ್ನೇ ಪರಿಶೀಲಿಸಿ, ಉಪನ್ಯಾಸ ಕೇಳಿ, ಮಾದರಿ ಪಾಠ ನೋಡಿ ಹೋದ ಶಿಕ್ಷಕರಲ್ಲಿ ಹೊಸ ವಿಧಾನ ತರಗತಿಯವರೆಗೆ ತಲುಪುವುದು ಬಹಳ ಕಡಿಮೆ, ಜತೆಯ ಶಿಕ್ಷಕರೊಡನೆ ಮಾಡಿ ನೋಡುತ್ತಾ ತಿದ್ದಿಕೊಳ್ಳುವ ಅವಕಾಶವಿದ್ದರೆ ಮಾತ್ರ ಅದು ನೆಲೆಗೊಳ್ಳುತ್ತದೆ ಎಂದು ತೋರಿಸಿದರು. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ಸಿದ್ಧಮಾಡಿ, ಒಬ್ಬರು ಅದನ್ನು ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಆ ಪಾಠವನ್ನು ಚರ್ಚಿಸುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ನಮ್ಮ ಸಮಾಲೋಚನಾ ಸಭೆಯ ಒಳ್ಳೆಯ ದಿನಗಳು ಇದಕ್ಕಿಂತ ಹೆಚ್ಚು ದೂರವೇನೂ ಇರಲಿಲ್ಲ.

ಹೊರದೇಶದ ಮಾತೇಕೆ ಎನ್ನುವವರಿಗೆ ನಮ್ಮದೇ ರಾಜ್ಯದ ನಲಿ–ಕಲಿ ಎಂಬ ಚಟುವಟಿಕೆ ಆಧಾರಿತ ಬೋಧನಾ ಪದ್ಧತಿಯ ಕಥೆ ಸಾಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಬಹುಹಂತದ ಕಲಿಕೆ ನಡೆಯುವುದನ್ನು ನೋಡಿಬಂದರು, ತಾವೇ ಕುಳಿತು ಕನ್ನಡದ ಕಲಿಕಾ ಏಣಿಗಳನ್ನೂ ಕಾರ್ಡುಗಳನ್ನೂ ಬರೆದರು, ತಮ್ಮ ತರಗತಿಗಳಲ್ಲಿ ಬಳಸಿ ತಿದ್ದಿದರು. ರಿಷಿ ವ್ಯಾಲಿ ನಮ್ಮ ಗಡಿಯಾಚೆ, ಚಿಂತಾಮಣಿ, ಶ್ರೀನಿವಾಸಪುರಗಳಿಂದ ಕೂಗಳತೆಯೆನ್ನಬಹುದಾದಷ್ಟು ಹತ್ತಿರದಲ್ಲಿದೆ ಎಂಬುದನ್ನು ಇಲ್ಲಿ ನೆನೆಯದಿರಲಾರೆ. 2009-10ರಲ್ಲಿ ನಲಿ–ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದಾಗ, ಅದನ್ನು ಕಟ್ಟಿದವರಿಗೆ ಸಿಕ್ಕಿದ್ದ ನೋಡುವ, ಚರ್ಚಿಸುವ, ತಿದ್ದುವ ಸಮಯ ಆಮೇಲೆ ಬಂದ ಸಾವಿರಾರು ಶಿಕ್ಷಕರಿಗೆ ಸಿಗಲಿಲ್ಲ. ನಲಿ–ಕಲಿ ಕೆಲವು ಶಾಲೆಗಳಲ್ಲಿ ಜೀವಂತವಾಗಿಯೂ ಕೆಲವು ಶಾಲೆಗಳಲ್ಲಿ ಬರೀ ಕಾರ್ಡುಗಳ ರಾಶಿಯಾಗಿಯೂ ಉಳಿಯಲು ಇದು ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ.

ಪ್ರೌಢಶಾಲಾ ವಿಭಾಗದಲ್ಲಿ ಇನ್ನೊಂದು ಒಳ್ಳೆಯ ಪ್ರಯತ್ನ ನಡೆದಿತ್ತು. 2011ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು (ಡಿಎಸ್‌ಇಆರ್‌ಟಿ) ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆಯ ಜತೆಗೂಡಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮ ಆರಂಭಿಸಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಕಂಪ್ಯೂಟರ್ ಬಳಕೆಯನ್ನೂ ಗಣಿತ ಕಲಿಕೆಯ ಜಿಯೋಜಿಬ್ರಾದಂಥ ಮುಕ್ತ ತಂತ್ರಾಂಶಗಳನ್ನೂ ಕಲಿಸಿತು. ಶಿಕ್ಷಕರು ತಾವೇ ಬರೆದ ಪಾಠ ಸಾಮಗ್ರಿಗಳು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಹೆಸರಿನಲ್ಲಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ರೀತಿಯಲ್ಲಿ ಸೇರಿಕೊಂಡವು. ವಾಟ್ಸ್‌ಆ್ಯಪ್ ಎಲ್ಲರ ಕೈಗೆ ಬರುವ ಮೊದಲೇ ಸರ್ಕಾರಿ ಶಾಲೆಯ ಶಿಕ್ಷಕರು ಜಿಲ್ಲೆಯಾಚೆಯ ಶಿಕ್ಷಕರೊಡನೆ ಒಂದು ಪ್ರಮೇಯವನ್ನೋ ಪ್ರಯೋಗವನ್ನೋ ಕುರಿತು ಲಿಖಿತವಾಗಿ ಚರ್ಚಿಸುತ್ತಿದ್ದರು. ಈ ಕಾರ್ಯಕ್ರಮದಲ್ಲಿ ಶಿಕ್ಷಕರನ್ನು ಜ್ಞಾನವನ್ನು ಸೃಷ್ಟಿಸುವವರೆಂದು ಪರಿಗಣಿಸಲಾಗಿತ್ತು. ಪ್ರಾಥಮಿಕ ಶಿಕ್ಷಕರಿಗೆ ಆ ಗೌರವ ಆ ಮಟ್ಟದಲ್ಲಿ ಇನ್ನೂ ಸಿಕ್ಕಿಲ್ಲ.

ನಮ್ಮ ಭಾಗಕ್ಕೆ ಇದು ಏಕೆ ಇನ್ನೂ ಹೆಚ್ಚು ಬೇಕೆಂದರೆ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಶ್ರೀನಿವಾಸಪುರ, ಅತ್ತ ತುಮಕೂರು ಜಿಲ್ಲೆಯ ಪಾವಗಡ, ಈ ತಾಲ್ಲೂಕುಗಳ ಬಹಳಷ್ಟು ಮಕ್ಕಳು ಮನೆಯಲ್ಲಿ ತೆಲುಗು ಆಡಿಕೊಂಡು ಕನ್ನಡ ಶಾಲೆಗೆ ಬರುತ್ತಾರೆ. ಒಂದನೇ ತರಗತಿಯ ಮೊದಲ ತಿಂಗಳುಗಳಲ್ಲಿ ಮಗುವಿನ ಮಾತನ್ನು ಎಷ್ಟು ಕಾಲ ಒಪ್ಪಿಕೊಳ್ಳಬೇಕು, ಕನ್ನಡವನ್ನು ಯಾವ ಆಟ, ಯಾವ ಹಾಡು, ಯಾವ ಚಿತ್ರದಿಂದ ಒಳತರಬೇಕು, ಮಗು ತೆಲುಗಿನಲ್ಲಿ ಸರಿಯಾದ ಉತ್ತರ ಹೇಳಿದಾಗ ಅದನ್ನು ಹೇಗೆ ಪುರಸ್ಕರಿಸಬೇಕು ಎಂಬುದು ಇಲ್ಲಿನ ಹಿರಿಯ ಶಿಕ್ಷಕರಿಗೆ ಗೊತ್ತು. ಇಡೀ ರಾಜ್ಯಕ್ಕೋ ದೇಶಕ್ಕೋ ಸಿದ್ಧಪಡಿಸಿದ ಕೋರ್ಸಿನಲ್ಲಿ ಬಹುಭಾಷಾ ತರಗತಿಯ ಬಗ್ಗೆ ಒಂದು ಅಧ್ಯಾಯವಿರಬಹುದು, ಆದರೆ ಗೂಳೂರು, ಮಿಟ್ಟೇಮರಿಗಳ ಮಗು ಅದರಲ್ಲಿ ಕಾಣಿಸುವುದಿಲ್ಲ. ಈ ತಿಳಿವಳಿಕೆ ಎಲ್ಲಿಯೂ ಬರೆದಿಟ್ಟಿಲ್ಲ, ನಿವೃತ್ತರಾಗುವ ಪ್ರತಿ ಶಿಕ್ಷಕರೊಂದಿಗೆ ಒಂದಷ್ಟು ಕಳೆದುಹೋಗುತ್ತಿದೆ. ಹಿರಿಯ ಶಿಕ್ಷಕಿ ಹಾಗೆ ಪಾಠ ಮಾಡುವ ಹತ್ತು ನಿಮಿಷವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಕ್ಲಸ್ಟರಿನ ಹೊಸ ಶಿಕ್ಷಕರು ಕೂಡಿ ನೋಡಿ ಅವರನ್ನೇ ಪ್ರಶ್ನೆ ಕೇಳುವಂತಾದರೆ, ನಮಗೆ ಅದಕ್ಕಿಂತ ಬೆಲೆಬಾಳುವ ಆನ್‌ಲೈನ್ ಸಂಪನ್ಮೂಲ ಇನ್ನೊಂದಿಲ್ಲ. ಪಾವಗಡದ ತಿರುಮಣಿಯ ಸೌರ ವಿದ್ಯುತ್ ಪಾರ್ಕಿನ ಪಕ್ಕದ ಶಾಲೆಯ ವಿಜ್ಞಾನ ಶಿಕ್ಷಕರು ಶಕ್ತಿಯ ರೂಪಾಂತರದ ಪಾಠಕ್ಕೆ ಸಿದ್ಧಪಡಿಸುವ ಚಟುವಟಿಕೆ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗೆ ಬಂದಿರುವ ಕೋಲಾರದ ಊರಿನ ಶಿಕ್ಷಕಿ ನೀರಿನ ಬಗ್ಗೆ ಮಕ್ಕಳಿಂದ ಮಾಡಿಸುವ ಸಮೀಕ್ಷೆ, ಇವೂ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ಮೂರೂ ಜಿಲ್ಲೆಗಳ ಶಿಕ್ಷಕರಿಗೆ ಸಿಗಬೇಕಾದ ಪಾಠಗಳೇ.

ಹಾಗಾದರೆ ವಾಟ್ಸ್‌ಆ್ಯಪ್ ಗುಂಪುಗಳು ಈಗಾಗಲೇ ಇವೆಯಲ್ಲ ಎಂದು ಕೇಳಬಹುದು. ಇವೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇವೆ. ತಾಲ್ಲೂಕಿನ ಗುಂಪು, ಕ್ಲಸ್ಟರಿನ ಗುಂಪು, ಬಿಸಿಯೂಟದ ಗುಂಪು, ವಿದ್ಯಾರ್ಥಿಗಳ ದಾಖಲೆ ತುಂಬುವ ಎಸ್‌ಎಟಿಎಸ್ ಮಾಹಿತಿಯ ಗುಂಪು, ಚುನಾವಣಾ ಕೆಲಸದ ಗುಂಪು ಎಂದು ಪ್ರತಿ ಶಿಕ್ಷಕರ ಮೊಬೈಲೂ ತುಂಬಿದೆ. ಆದೇಶ, ತುರ್ತು ಮಾಹಿತಿ, ಗೂಗಲ್ ಫಾರ್ಮ್, ಇಂದೇ ಸಂಜೆಯೊಳಗೆ ಎಂಬ ಸೂಚನೆಗಳ ನಡುವೆ ಯಾರಾದರೂ ತರಗತಿಯ ಒಂದು ಪ್ರಶ್ನೆ ಹಾಕಿದರೆ ಅದು ಕ್ಷಣದಲ್ಲಿ ಮೇಲೆ ಸರಿದುಹೋಗುತ್ತದೆ. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಮೇಲಧಿಕಾರಿಗಳು ಇರುವ ಗುಂಪಿನಲ್ಲಿ, ನನ್ನ ತರಗತಿಯ ಮಕ್ಕಳಿಗೆ ವ್ಯವಕಲನ ಬರುತ್ತಿಲ್ಲ ಎಂದು ಯಾವ ಶಿಕ್ಷಕರು ಬರೆಯುತ್ತಾರೆ? ಅದು ಪ್ರಶ್ನೆಯಾಗಿ ಓದಿಸಿಕೊಳ್ಳುವ ಮೊದಲು ತಪ್ಪೊಪ್ಪಿಗೆಯಾಗಿ ಓದಿಸಿಕೊಳ್ಳುತ್ತದೆ, ನಾಳೆ ನೋಟಿಸಿಗೆ ಕಾರಣವಾಗಬಹುದೆಂಬ ಹೆದರಿಕೆ ಇರುತ್ತದೆ. ಹಾಗಾಗಿ ಆ ಗುಂಪುಗಳಲ್ಲಿ ಶಾಲಾ ಕಾರ್ಯಕ್ರಮದ ಫೋಟೊ ಬರುತ್ತದೆ, ಶಾಲೆಯ ಕಷ್ಟ ಬರುವುದಿಲ್ಲ. ಕಲಿಕೆ ಶುರುವಾಗುವುದೇ ತಿಳಿಯದಿರುವುದನ್ನು ನಿರ್ಭಯವಾಗಿ ಹೇಳಿಕೊಳ್ಳುವ ಜಾಗದಲ್ಲಿ. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ ಪ್ರಶ್ನಿಸುವ ಗುಣವನ್ನು ಸಾರ್ವಜನಿಕವಾಗಿ ಬೆಳೆಸಿದವರು. ಅವರ ಜಿಲ್ಲೆಯ ಶಿಕ್ಷಕರು ಪ್ರಶ್ನೆ ಕೇಳಲು ಹಿಂಜರಿಯುವ ಸ್ಥಿತಿ ಇರಬಾರದು.

ಕೋರ್ಸುಗಳ ವಿಷಯದಲ್ಲೂ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಕೊನೆಯ ದಿನಾಂಕ ಹತ್ತಿರ ಬಂದಾಗ ಕ್ವಿಜ್ಜಿನ ಉತ್ತರಗಳ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದು, ಬಿಸಿಯೂಟದ ಅಕ್ಕಿ ಅಳೆಯುವಾಗ ಮೇಜಿನ ಮೇಲೆ ವಿಡಿಯೊ ತಾನಾಗಿ ಓಡುತ್ತಿರುವುದು ಶಿಕ್ಷಕ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಇದಕ್ಕೆ ಶಿಕ್ಷಕರನ್ನು ಸೋಮಾರಿಗಳೆಂದು ಬೈಯುವುದು ಅನ್ಯಾಯ. ಎಷ್ಟು ಜನ ಮುಗಿಸಿದರು ಎಂಬುದನ್ನು ಮಾತ್ರ ಮೇಲಿನವರು ಕೇಳಿದರೆ, ಮುಗಿಸುವುದನ್ನು ಮಾತ್ರ ಕೆಳಗಿನವರು ಮಾಡುತ್ತಾರೆ. ಗಡಿಯ ಗುಡ್ಡಗಳ ನಡುವಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದೆ, ಶಾಲೆ ಮುಗಿದ ಮೇಲೆ ಮುಖ್ಯರಸ್ತೆಯವರೆಗೆ ಬಂದು, ಸ್ವಂತ ಖರ್ಚಿನ ಡೇಟಾದಲ್ಲಿ ಕೋರ್ಸ್ ಮುಗಿಸುವ ಶಿಕ್ಷಕಿಯರೂ ಇದ್ದಾರೆ. ಅವರ ಶ್ರದ್ಧೆಗೆ ಅದೇ ಪ್ರಮಾಣಪತ್ರ, ಉತ್ತರ ನಕಲು ಮಾಡಿದವರಿಗೂ ಅದೇ ಪ್ರಮಾಣಪತ್ರ. ಈಚೆಗೆ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಒಂದು ನಿಮಿಷದಲ್ಲಿ ಪಾಠಯೋಜನೆ ಬರೆದುಕೊಡುತ್ತಿರುವುದರಿಂದ ಬರೀ ಕಾಗದ ಕೇಳುವ ಪದ್ಧತಿ ಇನ್ನೂ ಪೊಳ್ಳಾಗಲಿದೆ. ಆ ಯೋಜನೆ ನಮ್ಮ ತರಗತಿಗೆ ಹೊಂದುತ್ತದೆಯೇ ಎಂದು ಇಬ್ಬರು ಶಿಕ್ಷಕರು ಕೂತು ನೋಡುವುದಾದರೆ ಅಂಥ ಆ್ಯಪ್ ಕೂಡ ಉಪಯೋಗಕ್ಕೆ ಬಂದೀತು.

ಇಲಾಖೆಯ ಮುಂದೆ, ಅದರಲ್ಲೂ ನಮ್ಮ ಮೂರು ಜಿಲ್ಲೆಗಳ ಡಯಟ್‌ಗಳ ಮುಂದೆ ನಾನು ಇಡುವ ಕೋರಿಕೆ ಹೆಚ್ಚಿನ ಹಣ ಬೇಡುವಂಥದಲ್ಲ. 50 ಗಂಟೆಗಳಲ್ಲಿ ಅರ್ಧದಷ್ಟನ್ನಾದರೂ ಕ್ಲಸ್ಟರ್ ಹಂತದ ಪರಸ್ಪರ ಕಲಿಕೆಗೆ ಲೆಕ್ಕ ಹಿಡಿಯಬೇಕು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಆ ಸಭೆ ನಡೆಯಲಿ. ಆ ಹೊತ್ತಿನಲ್ಲಿ ಯಾವ ಮಾಹಿತಿಯನ್ನೂ ಕೇಳುವುದಿಲ್ಲ, ಯಾವ ಆದೇಶವನ್ನೂ ಓದುವುದಿಲ್ಲ ಎಂಬುದು ಲಿಖಿತ ನಿಯಮವಾಗಿರಲಿ. ಆನ್‌ಲೈನ್ ಕೋರ್ಸಿನ ಒಂದು ವಿಡಿಯೊವನ್ನು ಅಲ್ಲಿ ಎಲ್ಲರೂ ಕೂಡಿ ನೋಡಿ, ಮುಂದಿನ ತಿಂಗಳೊಳಗೆ ತರಗತಿಯಲ್ಲಿ ಮಾಡಿ ನೋಡುವ ಒಂದು ಪ್ರಯೋಗವನ್ನು ತಾವೇ ಆರಿಸಿಕೊಳ್ಳಲಿ, ನಡುವಿನ ದಿನಗಳಲ್ಲಿ ಮೊಬೈಲಿನ ಮೂಲಕ ಮಾತುಕತೆ ಮುಂದುವರಿಯಲಿ, ಮುಂದಿನ ಸಭೆಯಲ್ಲಿ ಮಕ್ಕಳ ಬರಹಗಳನ್ನು ಮೇಜಿನ ಮೇಲೆ ಹರಡಿಕೊಂಡು ಚರ್ಚಿಸಲಿ. ಏನು ಮಾಡಿದೆವು, ಏನಾಯಿತು, ಎಲ್ಲಿ ಫಲಿಸಲಿಲ್ಲ ಎಂಬ ಒಂದು ಪುಟದ ಟಿಪ್ಪಣಿಯೇ ಪ್ರಮಾಣಪತ್ರದ ಜಾಗದಲ್ಲಿ ಸಾಕು, ಫಲಿಸದ ಪ್ರಯೋಗಕ್ಕೂ ಅಷ್ಟೇ ಮಾನ್ಯತೆ ಇರಲಿ. ಒಳ್ಳೆಯ ಟಿಪ್ಪಣಿಗಳನ್ನು ಡಯಟ್‌ನ ಉಪನ್ಯಾಸಕರು ಓದಿ, ತಿದ್ದಿ, ವಿಷಯವಾರು ಜೋಡಿಸಿ ಇತರ ತಾಲ್ಲೂಕುಗಳಿಗೆ ತಲುಪಿಸಿದರೆ ಕೆಲವೇ ವರ್ಷಗಳಲ್ಲಿ ನಮ್ಮದೇ ಭಾಗದ ಬೋಧನಾ ಅನುಭವದ ದೊಡ್ಡ ಸಂಗ್ರಹವಾಗುತ್ತದೆ.

ಈ ಕೆಲಸಕ್ಕೆ ಸಿಆರ್‌ಪಿಗಳೇ ಆಧಾರ. ಅವರನ್ನು ಮಾಹಿತಿ ಹೊತ್ತು ತಿರುಗುವ ಕೆಲಸದಿಂದ ಸ್ವಲ್ಪವಾದರೂ ಬಿಡುಗಡೆ ಮಾಡದೆ ಈ ಯಾವುದೂ ನಡೆಯದು. ಅವರಲ್ಲಿ ಅನೇಕರು ಒಳ್ಳೆಯ ಶಿಕ್ಷಕರೆಂಬ ಕಾರಣಕ್ಕೇ ಆ ಹುದ್ದೆಗೆ ಬಂದವರು. ಚರ್ಚೆಯ ಗುಂಪಿನಲ್ಲಿ ಆಡಳಿತಾಧಿಕಾರಿಗಳು ಇರಬಾರದು, ಅಲ್ಲಿ ಬರೆದದ್ದು ಯಾರ ಮೇಲೂ ಕ್ರಮಕ್ಕೆ ಆಧಾರವಾಗಬಾರದು. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಸಂದೇಶ ಹಾಕಬಾರದೆಂಬ ಕಟ್ಟುಪಾಡೂ ಇರಲಿ, ಮನೆಯ ಕೆಲಸವನ್ನೂ ನಿಭಾಯಿಸುವ ಶಿಕ್ಷಕಿಯರಿಗೆ ಇದು ಬಹಳ ಮುಖ್ಯ. ಮಕ್ಕಳ ಮುಖ, ಹೆಸರು ಕಾಣದಂತೆ ಬರಹವನ್ನು ಮಾತ್ರ ಹಂಚಿಕೊಳ್ಳುವುದು ಕಡ್ಡಾಯವಾಗಬೇಕು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಮ್ಮನ್ನು ನಂಬಿ ಕಳುಹಿಸಿದ ಮಗುವಿನ ತಪ್ಪನ್ನು ಅದರ ಹೆಸರಿನೊಂದಿಗೆ ಮೊಬೈಲುಗಳಲ್ಲಿ ಹರಿಯಬಿಡುವುದು ಸಲ್ಲದು.

ಮೇಲ್ವಿಚಾರಣೆ ಇಲ್ಲದಿದ್ದರೆ ಇಂಥ ಸಭೆಗಳು ಹರಟೆಯಾಗುತ್ತವೆ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ತಪ್ಪು ವಿಧಾನವೊಂದು ಹತ್ತು ಶಿಕ್ಷಕರ ನಡುವೆ ಸರಿಯೆಂದೇ ಹರಡಬಹುದು, ಜೋರಾಗಿ ಮಾತನಾಡುವವರ ಮಾತೇ ನಿಲ್ಲಬಹುದು. ಅದಕ್ಕಾಗಿಯೇ ವಿಷಯ ಬಲ್ಲ ಡಯಟ್ ಉಪನ್ಯಾಸಕರು ವರ್ಷಕ್ಕೆ ಕೆಲವು ಬಾರಿಯಾದರೂ ಪ್ರತಿ ಕ್ಲಸ್ಟರಿನ ಸಭೆಯಲ್ಲಿ, ಬರಲಾಗದಿದ್ದರೆ ವಿಡಿಯೊ ಕರೆಯಲ್ಲಿ, ಜತೆಗಿರಬೇಕು. ಆನ್‌ಲೈನ್ ಸೌಲಭ್ಯದ ನಿಜವಾದ ಪ್ರಯೋಜನ ಇಲ್ಲಿದೆ. ಒಂದು ಜಿಲ್ಲೆಗೆ ಇರುವ ಬೆರಳೆಣಿಕೆಯ ಗಣಿತ, ಭಾಷಾ ತಜ್ಞರು ಇಷ್ಟೊಂದು ಕ್ಲಸ್ಟರುಗಳಿಗೆ ಬಸ್ಸಿನಲ್ಲಿ ತಿರುಗಿ ತಲುಪಲಾರರು, ಪರದೆಯ ಮೂಲಕವಾದರೆ ತಲುಪಬಹುದು. ಶಿಕ್ಷಕರು ಎದುರುಬದುರು ಕುಳಿತಿರಲಿ, ತಜ್ಞರು ಪರದೆಯಲ್ಲಿರಲಿ. ಈಗ ನಡೆಯುತ್ತಿರುವುದರಲ್ಲಿ ಪ್ರತಿ ಶಿಕ್ಷಕರೂ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಪರದೆ ನೋಡುತ್ತಿದ್ದಾರೆ.

ಸಮಯವೆಲ್ಲಿದೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆ ಮಾತನ್ನು ಅದರ ಆಶಯಕ್ಕೆ ತಕ್ಕಂತೆ ಪಾಲಿಸಿದರೆ ತಿಂಗಳಿಗೊಂದು ಅರ್ಧ ದಿನ ಸಿಗದಿರಲು ಕಾರಣವೇ ಇಲ್ಲ. ಏಕೋಪಾಧ್ಯಾಯ ಶಾಲೆಯವರಿಗೆ ಶನಿವಾರ ಮಧ್ಯಾಹ್ನವೇ ಅನುಕೂಲ, ಏಕೆಂದರೆ ಶಾಲೆಗೆ ಬೀಗ ಹಾಕಿ ಬರಬೇಕಾದ ಪರಿಸ್ಥಿತಿ ಬರುವುದಿಲ್ಲ. ಆ ಸಭೆಗೆ ಬರುವ ದಿನವನ್ನು ಕರ್ತವ್ಯದ ದಿನವೆಂದೇ (ಒಒಡಿ) ಪರಿಗಣಿಸಿ, ದೂರದ ಶಾಲೆಗಳಿಂದ ಬರುವವರಿಗೆ ಬಸ್ಸಿನ ಖರ್ಚು ಕೊಟ್ಟರೆ ಹಾಜರಾತಿಯ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ.

ಎಲ್ಲ ಕ್ಲಸ್ಟರುಗಳಲ್ಲೂ ಒಮ್ಮೆಗೇ ಆರಂಭಿಸಬೇಕೆಂದು ನಾನು ಕೇಳುತ್ತಿಲ್ಲ. ಪ್ರತಿ ತಾಲ್ಲೂಕಿನಲ್ಲಿ ಶಿಕ್ಷಕರೇ ಮುಂದೆ ಬರುವ ಒಂದೊಂದು ಕ್ಲಸ್ಟರಿನಲ್ಲಿ ಒಂದು ಶೈಕ್ಷಣಿಕ ವರ್ಷ ನಡೆಸಿ ನೋಡಲಿ, ಬಾಗೇಪಲ್ಲಿಯಲ್ಲಿ ಮುಂದೆ ಬರುವವರಲ್ಲಿ ನಾನೂ ಇರುತ್ತೇನೆ. ಆದರೆ ಇದಕ್ಕೆ ಬೇಕಾದ ಆದೇಶ ಶಾಲೆಗಳು ಪುನರಾರಂಭವಾಗುವ ಮೊದಲೇ, ವರ್ಷದ ಶೈಕ್ಷಣಿಕ ಮಾರ್ಗದರ್ಶಿ ಸಿದ್ಧವಾಗುವ ಹಂತದಲ್ಲೇ ಹೊರಬರಬೇಕು. ತಿಂಗಳವಾರು ಕಾರ್ಯಕ್ರಮಗಳ ಪಟ್ಟಿ ಒಮ್ಮೆ ಮುದ್ರಣವಾಗಿ ಶಾಲೆಗೆ ಬಂದ ಮೇಲೆ ಅದರಲ್ಲಿ ಇನ್ನೊಂದು ಶನಿವಾರಕ್ಕೆ ಜಾಗ ಮಾಡುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ,
ಬಾಗೇಪಲ್ಲಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ